ಡೆಂಪ್‌ಸ್ಟರ್ ಹೆದ್ದಾರಿಗೆಂದೇ ಕೊಂಡ ಟೈರ್‌ಗಳು: ಮೂರು ವರ್ಷ, 48,000 ಕಿ.ಮೀ. ಓಡಿಸಿದ ಮೇಲೆ

ನಮ್ಮ ಪಿಕಪ್‌ಗೆ ಹತ್ತು ಪ್ಲೈ ದರ್ಜೆಯ, ಅಂದರೆ ಹೆಚ್ಚು ಗಟ್ಟಿಯಾದ, ಎಲ್ಲ ಬಗೆಯ ನೆಲಕ್ಕೂ ಆಗುವ ಆಲ್ ಟೆರೇನ್ ಟೈರ್ ಹಾಕಿಸಿದ್ದು 2022ರ ಮೇ ತಿಂಗಳಲ್ಲಿ. ಅಷ್ಟು ದುಡ್ಡು ಸುರಿದಿದ್ದು ಒಂದೇ ಒಂದು ರಸ್ತೆಗೋಸ್ಕರ, ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಗೆ.

ಐದು ವರ್ಷ ಕಾದ ಪ್ರವಾಸ ಅದು. ಡೆಂಪ್‌ಸ್ಟರ್ ಮುಗಿಯುವ ಇನುವಿಕ್‌ನಿಂದ ಸಮುದ್ರದಂಚಿನ ಊರು ಟಕ್ಟೊಯಾಕ್ಟಕ್‌ಗೆ 2017ರ ನವೆಂಬರ್‌ನಲ್ಲಿ ರಸ್ತೆ ತೆರೆಯಿತು. ಆ ವಾರವೇ ನಮ್ಮ ಯಜಮಾನರು ಅಡುಗೆಮನೆ ಗೋಡೆಗೆ ನಕ್ಷೆ ಅಂಟಿಸಿದರು. ಗಾಡಿಯಲ್ಲೇ ಆರ್ಕ್ಟಿಕ್ ಸಮುದ್ರದ ದಡ ಮುಟ್ಟಬಹುದು ಅಂದರೆ ಯಾರಿಗೆ ಆಸೆ ಆಗಲ್ಲ? ಮೊದಲು ಇಬ್ಬರಿಗೂ ಒಟ್ಟಿಗೆ ರಜೆ ಸಿಗಲಿಲ್ಲ, ಆಮೇಲೆ ಕೋವಿಡ್ ಬಂತು. ಅಂತೂ 2022ರ ಜೂನ್ ಕೊನೆಗೆ ಹೊರಟೆವು.

ಡಾಸನ್ ಸಿಟಿಯ ಹತ್ತಿರ ಕವಲೊಡೆಯುವ ಈ ರಸ್ತೆ ಇನುವಿಕ್‌ವರೆಗೆ ಸುಮಾರು 740 ಕಿ.ಮೀ. ಹೆಚ್ಚುಕಮ್ಮಿ ಪೂರ್ತಿ ಜಲ್ಲಿ. ಕೆಳಗಿರುವುದು ಬೇಸಿಗೆಯಲ್ಲೂ ಕರಗದ ಹೆಪ್ಪುನೆಲ. ರಸ್ತೆಯ ಬಿಸಿಗೆ ಅದು ಕರಗಿ ಕುಸಿಯಬಾರದು ಅಂತ ದಪ್ಪನಾಗಿ ಜಲ್ಲಿ ಹಾಸಿ ಎತ್ತರಿಸಿದ್ದಾರೆ. ಆ ಜಲ್ಲಿಯಲ್ಲಿ ಪದರ ಪದರವಾದ ಶೇಲ್ ಕಲ್ಲೂ ಸೇರಿರುತ್ತದೆ. ಒಡೆದ ಹಂಚಿನ ಚೂರಿನಷ್ಟು ಹರಿತ. ಟೈರ್ ಕೊಯ್ಯುವುದು ಅದೇ. ಹೊರಟ ಮೇಲೆ ಪೆಟ್ರೋಲ್ ಸಿಗುವುದು 369ನೇ ಕಿ.ಮೀ.ನ ಈಗಲ್ ಪ್ಲೇನ್ಸ್‌ನಲ್ಲಿ. ನಡುವೆ ಅಂಗಡಿ ಇಲ್ಲ, ಮನೆ ಇಲ್ಲ. ಟೂಂಬ್‌ಸ್ಟೋನ್ ಬೆಟ್ಟಗಳು, ಟುಂಡ್ರಾ, ಗಾಳಿ, ಅಷ್ಟೇ.

ಟೈರಿನಲ್ಲಿ ಗಾಳಿ ಎಷ್ಟಿರಬೇಕು ಅನ್ನುವುದನ್ನು ಮೊದಲ ದಿನವೇ ಕಲಿತೆ. ಡಾಂಬರಿನಲ್ಲಿ 40 ಪಿಎಸ್‌ಐ ಇಡುತ್ತಿದ್ದೆವು. ಜಲ್ಲಿಗೆ ಮೆತ್ತಗಿರಲಿ ಅಂತ 26ಕ್ಕೆ ಇಳಿಸಿದೆ. ಇಳಿದು ನೋಡಿದರೆ ಟೈರಿನ ಪಕ್ಕ ಉಬ್ಬಿಕೊಂಡಿದೆ. ನೆಲಕ್ಕೆ ತಾಗುವ ರಬ್ಬರ್ ಗುಬ್ಬಿಗಳು, ಅಂದರೆ ಬಟನ್, ದಪ್ಪ, ಅಲ್ಲಿ ಕಲ್ಲು ತಡೆಯುತ್ತದೆ. ಪಕ್ಕ ಉಬ್ಬಿದರೆ ಹರಿತದ ಕಲ್ಲಿಗೆ ನಾವೇ ಒಡ್ಡಿದ ಹಾಗೆ. 32ಕ್ಕೆ ಏರಿಸಿ 60-70ರ ವೇಗದಲ್ಲಿ ಓಡಿಸಿದೆ. ನಮ್ಮ ತೂಕಕ್ಕೆ ಅದು ಸರಿಹೋಯಿತು.

ಪಂಕ್ಚರ್ ಆಗಿದ್ದು ಒಂದೇ ಸಲ. 405ನೇ ಕಿ.ಮೀ.ನಲ್ಲಿ ಆರ್ಕ್ಟಿಕ್ ವೃತ್ತದ ಫಲಕದ ಮುಂದೆ ಫೋಟೋ ತೆಗೆದು ಸ್ವಲ್ಪ ದೂರ ಹೋಗಿರಬಹುದು. "ರೀ, ಗಾಡಿ ಎಡಕ್ಕೆ ಎಳೀತಿದೆ" ಅಂದೆ. ಹಿಂದಿನ ಎಡ ಟೈರ್. ಎರಡು ಬಟನ್ ನಡುವೆ ಉಗುರಿನಷ್ಟು ಅಗಲದ ಕಪ್ಪು ಚೂರು ನೆಟ್ಟಗೆ ಹೊಕ್ಕು ಕೂತಿತ್ತು. ಉಗುಳು ಹಚ್ಚಿದರೆ ಸಣ್ಣ ಗುಳ್ಳೆ. ಸ್ಟೆಪ್ನಿ ಹಾಕೋಣ ಅಂದರೆ ನಟ್ ಅಲ್ಲಾಡಲಿಲ್ಲ. ಟೈರ್ ಹಾಕಿದ ಅಂಗಡಿಯವರು ನಟ್ ಬಿಗಿಯುವ ಯಂತ್ರದ ಗನ್ನಿನಲ್ಲಿ ಅಷ್ಟು ಬಿಗಿದಿದ್ದರು. ಇವರು ಸ್ಪ್ಯಾನರ್ ಮೇಲೆ ನಿಂತರೂ ಉಹೂಂ. ಕೊನೆಗೆ ಚಕ್ರ ಬಿಚ್ಚದೆಯೇ ಚೂರು ಕಿತ್ತು, ರಬ್ಬರ್ ಬತ್ತಿ ತುರುಕಿ, ಪುಟ್ಟ ಕಂಪ್ರೆಸರ್‌ನಿಂದ ಗಾಳಿ ತುಂಬಿದೆವು. ಸೊಳ್ಳೆಗಳು ಕಣ್ಣು ಬಿಡಲು ಬಿಡಲಿಲ್ಲ. ರಾತ್ರಿ ಹನ್ನೊಂದು ಗಂಟೆ, ಬಿಸಿಲು ಇನ್ನೂ ಬೆನ್ನ ಮೇಲೆ. ಹೊರಡುವ ಮುಂಚೆ ನಟ್‌ಗಳನ್ನು ಒಮ್ಮೆ ಕೈಯಲ್ಲೇ ಸಡಿಲಿಸಿ, ಮತ್ತೆ ಬಿಗಿದು ನೋಡಿ. ದಯವಿಟ್ಟು.

ಆ ಬತ್ತಿ ಪೀಲ್, ಮೆಕೆಂಜಿ ಎರಡೂ ನದಿಯ ಫೆರಿ ದಾಟಿ ಇನುವಿಕ್‌ವರೆಗೆ ತಡೆಯಿತು. ಅಲ್ಲಿ ಒಳಗಿನಿಂದ ಪ್ಯಾಚ್ ಹಾಕಿಸಿದೆವು. ಇವತ್ತಿಗೂ ಗಾಳಿ ಇಳಿದಿಲ್ಲ. ಮುಂದಿನ 138 ಕಿ.ಮೀ. ಓಡಿಸಿ ಟಕ್ಟೊಯಾಕ್ಟಕ್‌ನಲ್ಲಿ ಇಬ್ಬರೂ ಸಮುದ್ರಕ್ಕೆ ಕಾಲಿಟ್ಟೆವು. ನೀರು ಕೊರೆಯುತ್ತಿತ್ತು. ಇವರು ಮಾತೇ ಆಡಲಿಲ್ಲ, ನನ್ನ ಕೈ ಮಾತ್ರ ಬಿಡಲಿಲ್ಲ.

ಈಗ ದಿನಬಳಕೆಯ ಮಾತು. 30,000 ಕಿ.ಮೀ. ಆದ ಮೇಲೆ ಡಾಂಬರಿನಲ್ಲಿ ಗುಂಯ್ ಅನ್ನುವ ಸದ್ದು ಜಾಸ್ತಿಯಾಗಿದೆ. ಪೆಟ್ರೋಲ್ ಹಳೆಯ ಟೈರ್‌ಗಿಂತ ಹೆಚ್ಚು ಕುಡಿಯುತ್ತದೆ. ಹಿಮದಲ್ಲಿ ಹಿಡಿತ ಚೆನ್ನಾಗಿದೆ, ಗಟ್ಟಿ ಮಂಜುಗಡ್ಡೆಯ ಮೇಲೆ ನಂಬಬೇಡಿ. ಸುಮ್ನೆ ಊರೊಳಗೆ ಓಡಾಡುವವರಿಗೆ ಇದು ದಂಡ. ಹೊಸದರಲ್ಲಿ 12 ಮಿ.ಮೀ. ಇದ್ದ ಬಟನ್ ಈಗ 6ಕ್ಕೆ ಇಳಿದಿದೆ, ನಾಲ್ಕೂ ಸಮನಾಗಿ ಸವೆದಿವೆ. ಪಕ್ಕದಲ್ಲಿ ಗೀರುಗಳಿವೆ, ಒಂದೂ ಆಳಕ್ಕೆ ಇಳಿದಿಲ್ಲ.

ಮುಂದಿನ ಸಲವೂ ಇವನ್ನೇ ತಗೊಳ್ಳುತ್ತೇವೆ. ನಾಲ್ಕಲ್ಲ, ಐದು. ಹೋದ ಸಲ ಸ್ಟೆಪ್ನಿ ಮಾತ್ರ ಹಳೆಯ ತೆಳು ಟೈರ್ ಆಗಿತ್ತು. ಆ ನಟ್ ಬಿಚ್ಚಿಕೊಂಡಿದ್ದರೆ ಅದರ ಮೇಲೆಯೇ ಇನುವಿಕ್ ತಲುಪಬೇಕಿತ್ತು.