‘ಹಿಂದೂ ಮೀಲ್’ನಲ್ಲಿ ಕೋಳಿ ಯಾಕೆ? ವಿಮಾನದ ಧರ್ಮವಾರು ಊಟಗಳ ವಿಮರ್ಶೆ

ವಿದೇಶಕ್ಕೆ ಹೊರಟ ಸಸ್ಯಾಹಾರಿಗಳು ಟಿಕೆಟ್ ಮಾಡಿಸುವಾಗ ಎಡವುವುದು ಇಲ್ಲೇ. ವಿಶೇಷ ಊಟಗಳ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಕಂಡ ಕೂಡಲೇ ಒತ್ತಿಬಿಡುತ್ತಾರೆ. ಎಚ್‌ಎನ್‌ಎಂಎಲ್ ಎಂಬ ಆ ಕೋಡ್‌ನ ಅರ್ಥ ದನ, ಕರು, ಹಂದಿಯ ಮಾಂಸ ಇರುವುದಿಲ್ಲ ಎಂದಷ್ಟೇ. ಕೋಳಿ, ಕುರಿ, ಮೀನು, ಮೊಟ್ಟೆ ಬರಬಹುದು. ಸಸ್ಯಾಹಾರಕ್ಕೆ ಎವಿಎಂಎಲ್ ಅಂದರೆ ‘ಏಷ್ಯನ್ ವೆಜಿಟೇರಿಯನ್ ಮೀಲ್’ ಆರಿಸಬೇಕು: ನಮ್ಮ ಕಡೆಯ ಮಸಾಲೆಯ ಅಡುಗೆ, ಮೊಟ್ಟೆ ಇಲ್ಲ, ಹಾಲು ಮೊಸರು ಉಂಟು. ಹೆಸರಿಟ್ಟವರು ಮಾಂಸ ತಿನ್ನುವವರಿಗೆ ‘ಹಿಂದೂ’ ಎಂದೂ ತಿನ್ನದವರಿಗೆ ‘ಏಷ್ಯನ್’ ಎಂದೂ ಚೀಟಿ ಅಂಟಿಸಿದ್ದು ಈ ಸೇವೆಯ ದೊಡ್ಡ ದೋಷ. ಹಾಗೆಂದು ಕೋಡನ್ನೇ ತೆಗೆಯುವುದೂ ಸುಲಭವಲ್ಲ. 2018ರಲ್ಲಿ ಎಮಿರೇಟ್ಸ್ ಹಿಂದೂ ಮೀಲ್ ನಿಲ್ಲಿಸುತ್ತೇವೆಂದು ಹೇಳಿ, ಪ್ರಯಾಣಿಕರ ಆಕ್ಷೇಪ ಬಂದೊಡನೆ ನಿರ್ಧಾರ ಬದಲಿಸಿತು.

ಈರುಳ್ಳಿ, ಬೆಳ್ಳುಳ್ಳಿ ಬೇಡವಾದವರಿಗೆ ಎವಿಎಂಎಲ್ ಸಾಲದು, ವಿಜೆಎಂಎಲ್ ಅಂದರೆ ಜೈನ ಊಟ ಕೇಳಿ. ಆಲೂಗಡ್ಡೆ, ಕ್ಯಾರೆಟ್, ಹಸಿ ಶುಂಠಿಯಂಥ ಗಡ್ಡೆ-ಬೇರುಗಳು ಅದರಲ್ಲಿ ಇರುವುದಿಲ್ಲ. ಮಾಧ್ವ ಮನೆಯವರಿಗೂ ಇದೇ ಹೆಚ್ಚು ಹೊಂದುತ್ತದೆ. ಆದರೆ ಸೂರ್ಯಾಸ್ತದ ನಂತರ ಉಣ್ಣದ ಜೈನರಿಗೆ ನಡುರಾತ್ರಿಯ ವಿಮಾನದಲ್ಲಿ ಈ ಟ್ರೇ ಬಂದರೂ ಪ್ರಯೋಜನವಿಲ್ಲ. ಕೋಡ್‌ಗೆ ಪದಾರ್ಥ ಗೊತ್ತು, ಹೊತ್ತು ಗೊತ್ತಿಲ್ಲ.

ಮುಸ್ಲಿಂ ಊಟ ಎಂಒಎಂಎಲ್. ಹಲಾಲ್ ಮಾಂಸವಷ್ಟೇ ಅಲ್ಲ, ಸಾಸ್‌ನಲ್ಲಿ ಮದ್ಯ, ಪುಡಿಂಗ್‌ನಲ್ಲಿ ಹಂದಿಯ ಜೆಲಟಿನ್ ಇರದಂತೆಯೂ ನೋಡಿರುತ್ತಾರೆ. ಎಮಿರೇಟ್ಸ್, ಕತಾರ್ ಏರ್‌ವೇಸ್‌ಗಳಲ್ಲಿ ಎಲ್ಲರ ಊಟವೂ ಹಲಾಲ್ ಆದ್ದರಿಂದ ಬೇರೆಯಾಗಿ ಕೇಳಬೇಕಿಲ್ಲ.

ಎಲ್ಲಕ್ಕಿಂತ ಶಿಸ್ತಿನದು ಯಹೂದಿಗಳ ಕೋಷರ್, ಕೆಎಸ್‌ಎಂಎಲ್. ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ ಮೇಲ್ವಿಚಾರಣೆಯ ಅಡುಗೆಮನೆಯಿಂದ ಸೀಲ್ ಆಗಿ ಬರುತ್ತದೆ. ವಿಮಾನದ ಓವನ್‌ನಲ್ಲಿ ಬೇರೆ ಮಾಂಸವೂ ಬಿಸಿಯಾಗಿರುತ್ತದಲ್ಲ, ಅದಕ್ಕೇ ಎರಡು ಪದರದ ಹೊದಿಕೆ. ಬಿಸಿ ಮಾಡುವ ಮೊದಲು ಸಿಬ್ಬಂದಿ ಸೀಲ್ ತೋರಿಸಬೇಕು. ಉಪಕಾರವೆಂದು ತಾವೇ ಬಿಚ್ಚಿ ತಂದರೆ ಕಟ್ಟುನಿಟ್ಟಿನವರು ಮುಟ್ಟುವುದಿಲ್ಲ. ಮಾಂಸದ ಟ್ರೇ ಜೊತೆ ಹಾಲು, ಬೆಣ್ಣೆ ಕೊಡುವಂತಿಲ್ಲ.

ಕೇಳುವ ಕ್ರಮ ಸರಳ, ಕೈಕೊಡುವ ಜಾಗಗಳು ಹಲವು. ಸಾಮಾನ್ಯವಾಗಿ ಹೊರಡುವ 24 ಗಂಟೆ ಮೊದಲು ಹೇಳಬೇಕು, ಕೋಷರ್‌ಗೆ ಹಲವೆಡೆ 48. ಏಜೆಂಟರ ಮೂಲಕ ಮಾಡಿಸಿದ್ದರೆ ಕೋಡ್‌ನ ಪಕ್ಕದಲ್ಲಿ ‘ಎಚ್‌ಕೆ’ ಇದೆಯೇ ಎಂದು ಕೇಳಿ: ಅದು ಖಚಿತ. ‘ಎನ್‌ಎನ್’ ಇದ್ದರೆ ಕೋರಿಕೆ ಹೋಗಿದೆ, ಉತ್ತರ ಬಂದಿಲ್ಲ. ‘ಯುಸಿ’ ಅಂದರೆ ಆಗಲಿಲ್ಲ. ವಿಮಾನ ಬದಲಾದರೆ ಕೋರಿಕೆ ತಾನಾಗಿ ಹಿಂಬಾಲಿಸುತ್ತದೆಂದು ನಂಬಬೇಡಿ. ಟಿಕೆಟ್ ಒಂದು ಕಂಪನಿಯದು, ಹಾರಿಸುವುದು ಇನ್ನೊಂದು ಎಂದಾದರೆ ಹಾರಿಸುವವರಲ್ಲೇ ವಿಚಾರಿಸಿ. ಟ್ರೇ ಮೇಲಿನ ಚೀಟಿಯಲ್ಲಿ ಸೀಟ್ ನಂಬರ್ ಇರುವುದರಿಂದ, ಕಿಟಕಿಯ ಆಸೆಗೆ ಸೀಟು ಬದಲಿಸಿಕೊಂಡವರು ಸಿಬ್ಬಂದಿಗೆ ತಿಳಿಸದಿದ್ದರೆ ಊಟ ಹಳೆಯ ಸೀಟಿಗೇ ಹೋಗುತ್ತದೆ. ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಕೋಡ್. ಮಧುಮೇಹ ಇರುವ ಜೈನರು ಮಧುಮೇಹಿಗಳ ಊಟ, ಜೈನ ಊಟ ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ.

ಉಪವಾಸದ ವಿಷಯಕ್ಕೆ ಬಂದರೆ ಗಲ್ಫ್ ಕಂಪನಿಗಳು ಮುಂದಿವೆ. ರಂಜಾನ್‌ನಲ್ಲಿ ಎಮಿರೇಟ್ಸ್ ಇಫ್ತಾರ್ ಪೆಟ್ಟಿಗೆ ಕೊಡುತ್ತದೆ, ಹೊತ್ತನ್ನು ವಿಮಾನ ಇರುವ ಜಾಗ ಮತ್ತು ಎತ್ತರ ನೋಡಿ ಲೆಕ್ಕ ಹಾಕುತ್ತದೆ. ಮೇಲೆ ಹೋದಷ್ಟೂ ಸೂರ್ಯ ಮುಳುಗುವುದು ತಡವಾದ್ದರಿಂದ ಕೆಳಗಿನ ಊರಿನ ಸಮಯ ನಡೆಯುವುದಿಲ್ಲ. ಏಕಾದಶಿಗೆ ಇಂಥ ಏರ್ಪಾಟಿಲ್ಲ, ಹಣ್ಣಿನ ತಟ್ಟೆ ಎಫ್‌ಪಿಎಂಎಲ್ ಹತ್ತಿರದ ದಾರಿ. ತರಕಾರಿ ಬಿಡುವ ಶಾಕವ್ರತದಿಂದ ಬೇಳೆಕಾಳು ಬಿಡುವ ದ್ವಿದಳವ್ರತದವರೆಗೆ ತಿಂಗಳಿಗೊಂದು ನಿಷೇಧವಿರುವ ಚಾತುರ್ಮಾಸ್ಯವನ್ನು ಯಾವ ಕೋಡೂ ಹಿಡಿಯಲಾರದು. ಅದನ್ನು ಆಚರಿಸುವವರು ವ್ರತಕ್ಕೆ ಒಪ್ಪುವ ಒಣ ತಿಂಡಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮೊಸರು ಬೇಡ, ಅದು ದ್ರವವೆಂದು 100 ಮಿಲಿಲೀಟರಿನ ನಿಯಮಕ್ಕೆ ಸಿಕ್ಕಿ ತಪಾಸಣೆಯಲ್ಲೇ ಉಳಿಯುತ್ತದೆ.