ಸೇಬಿನ ಸಲಾಡ್‌ಗೆ ಮಯೋನೀಸಾ, ಚಕ್ಕಾನಾ? ನಾಲ್ಕು ಬಟ್ಟಲು ಇಟ್ಟು ನೋಡಿದೆ

ಹುಬ್ಬಳ್ಳಿಯ ಒಂದು ರಿಸೆಪ್ಷನ್ ಊಟದಲ್ಲಿ ನಮ್ಮ ಮಗಳು ಬೇರೆ ಏನನ್ನೂ ಮುಟ್ಟದೆ ಸೇಬಿನ ಸಲಾಡನ್ನೇ ಎರಡು ಸಲ ಹಾಕಿಸಿಕೊಂಡಳು. ಬೆಳ್ಳಗೆ, ತಣ್ಣಗೆ, ನಡುನಡುವೆ ಅಕ್ರೋಟ. ರುಚಿ ನನಗೂ ಹಿಡಿಸಿತು. ಆದರೆ ನಾಲ್ಕು ಚಮಚ ತಿನ್ನುವಷ್ಟರಲ್ಲಿ ಬಾಯೆಲ್ಲ ಜಿಡ್ಡು. ನಮ್ಮ ಅತ್ತೆಯವರಿಗೆ ಡಾಕ್ಟರು ಎಣ್ಣೆ, ಬೆಣ್ಣೆ ಕಡಿಮೆ ಮಾಡಿ ಅಂದಿದ್ದಾರೆ. ಅವರೂ ಧೈರ್ಯವಾಗಿ ತಿನ್ನುವಂತೆ ಇದನ್ನು ಮನೆಯಲ್ಲೇ ಮಾಡಬೇಕು ಅಂತ ಅವತ್ತೇ ಅಂದುಕೊಂಡೆ.

ಇದು ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನ ಸಲಾಡು. ಹೋಟೆಲು ಶುರುವಾಗಿದ್ದು 1893ರಲ್ಲಿ. ಅಲ್ಲಿ ಊಟದ ಉಸ್ತುವಾರಿ ನೋಡುತ್ತಿದ್ದ ಆಸ್ಕರ್ ಚಿರ್ಕಿ ಅನ್ನುವವರು 1896ರಲ್ಲಿ ಒಂದು ಅಡುಗೆ ಪುಸ್ತಕ ತಂದರು. ಅದರಲ್ಲಿ ಈ ಸಲಾಡ್‌ಗೆ ಬೇಕಾದದ್ದು ಮೂರೇ: ಸೇಬು, ಸೆಲರಿ ದಂಟು, ಮಯೋನೀಸ್. ಈಗ ಇದರ ಗುರುತೇ ಆಗಿರುವ ಅಕ್ರೋಟ ಆಮೇಲೆ ಬಂದು ಸೇರಿದ್ದು. ಇದು ಗೊತ್ತಾದ ಮೇಲೆ ನನ್ನ ಅಳುಕು ಹೋಯಿತು. ಅವರೇ ಬದಲಾಯಿಸಿಕೊಂಡು ಬಂದಿದ್ದಾರೆ, ನಾವು ಬದಲಾಯಿಸಿದರೆ ತಪ್ಪೇನು, ಅಲ್ವಾ?

ಭಾರ ಎಲ್ಲಿದೆ ಅಂತ ಹುಡುಕೋದು ಕಷ್ಟವಲ್ಲ. 100 ಗ್ರಾಂ ಸೇಬಿನಲ್ಲಿ ಸುಮಾರು 52 ಕ್ಯಾಲೊರಿ. ಅಷ್ಟೇ ತೂಕದ ಅಸಲಿ ಮಯೋನೀಸ್‌ನಲ್ಲಿ 650ಕ್ಕೂ ಜಾಸ್ತಿ, ಯಾಕಂದ್ರೆ ಅದರಲ್ಲಿ ಮುಕ್ಕಾಲು ಪಾಲು ಎಣ್ಣೆಯೇ. (ಅಂಗಡಿಯ ಎಗ್‌ಲೆಸ್ ಬಾಟಲಿಗಳಲ್ಲಿ ಒಂದೊಂದರದು ಒಂದೊಂದು ಲೆಕ್ಕ. ಹಿಂದಿನ ಚೀಟಿ ಓದಿಯೇ ಕೊಳ್ಳಿ.) ಹಾಗಾಗಿ ಉಳಿದದ್ದೆಲ್ಲ ಒಂದೇ ಇಟ್ಟು, ಬೆರೆಸುವ ಬಿಳಿ ಪದಾರ್ಥ ಮಾತ್ರ ಬದಲಿಸಿ ನಾಲ್ಕು ಬಟ್ಟಲು ಮಾಡಿದೆ. ಪ್ರತಿ ಬಟ್ಟಲಿಗೆ ಸಿಪ್ಪೆ ಸಮೇತ ಹೆಚ್ಚಿದ ಎರಡು ಸೇಬು, ಒಂದು ಹಿಡಿ ದಂಟು, ಹುರಿದ ಅಕ್ರೋಟ 25 ಗ್ರಾಂ. ಕಲಸಿದ ತಕ್ಷಣ ಒಮ್ಮೆ, ಒಂದು ತಾಸು ಬಿಟ್ಟು ಇನ್ನೊಮ್ಮೆ ರುಚಿ ನೋಡಿದೆವು.

ಮೊದಲನೆಯದು ಮಯೋನೀಸ್, ನಾಲ್ಕು ದೊಡ್ಡ ಚಮಚ. ಸುಳ್ಳು ಹೇಳಲ್ಲ, ಕಲಸಿದ ತಕ್ಷಣ ಇದೇ ಎಲ್ಲಕ್ಕಿಂತ ರುಚಿ. ಪ್ರತಿ ಹೋಳಿಗೂ ತೆಳ್ಳಗೆ ಅಂಟಿಕೊಳ್ಳುತ್ತದೆ, ತಾಸು ಬಿಟ್ಟರೂ ನೀರೊಡೆಯುವುದಿಲ್ಲ. ಆದರೆ ಅಸಲಿ ಮಯೋನೀಸ್ ಆದರೆ ಆ ನಾಲ್ಕು ಚಮಚಕ್ಕೇ ಹತ್ತಿರಹತ್ತಿರ 400 ಕ್ಯಾಲೊರಿ. ಸೇಬಿನ ಹುಳಿಸಿಹಿ ಅದರ ಕೆಳಗೆ ಹೂತು ಹೋಗುತ್ತದೆ.

ಎರಡನೆಯದು ಸುಮ್ನೆ ಮನೆಯ ಮೊಸರು. ತಟ್ಟೆಗೆ ಹಾಕಿದಾಗ ಚೆನ್ನಾಗಿತ್ತು, ತಂಪಾಗಿತ್ತು. ಒಂದು ತಾಸಿಗೆ ಬಟ್ಟಲ ತಳದಲ್ಲಿ ಎರಡು ಬೆರಳು ನೀರು. ಅತ್ತೆಯವರು ಬಟ್ಟಲು ಓರೆ ಮಾಡಿ ತೋರಿಸಿ, "ಇದೇನವಾ, ಮಜ್ಜಿಗಿ ಆಗೇತಲ್ಲ" ಅಂದರು. ಮೊಸರಲ್ಲೂ ನೀರು, ಸೇಬಲ್ಲೂ ನೀರು. ನಾನು ಮೊದಲೇ ಹಾಕಿದ ಉಪ್ಪು ಹೋಳಿನೊಳಗಿನ ನೀರನ್ನೂ ಹೊರಗೆ ಎಳೆದಿತ್ತು. ಮಾಡಿದ ಕೂಡಲೇ ತಿನ್ನುವುದಾದರೆ ಅಡ್ಡಿಯಿಲ್ಲ. ಡಬ್ಬಿಗೆ ಕಟ್ಟಲು ಬೇಡವೇ ಬೇಡ.

ಮೂರನೆಯದರ ಮೇಲೆ ನನಗೆ ತುಂಬ ಆಸೆ ಇತ್ತು. ನಮ್ಮ ಕಡೆ ಪಚಡಿಗೆ ಶೇಂಗಾ ಪುಡಿ ಹಾಕದೆ ಕೈ ಸುಮ್ಮನಿರುವುದಿಲ್ಲ. 50 ಗ್ರಾಂ ಹುರಿದ ಶೇಂಗಾ, ಲಿಂಬೆರಸ, ನೀರು ಸೇರಿಸಿ ನುಣ್ಣಗೆ ರುಬ್ಬಿದೆ. ಬಣ್ಣ ಹಾಲಿನ ಚಹಾದಂತೆ, ವಾಸನೆ ಮನೆ ತುಂಬ. ಮನೆಯವರು ಇದನ್ನೇ ಮೊದಲು ಖಾಲಿ ಮಾಡಿದರು. ಆದರೆ ಶೇಂಗಾದಲ್ಲೂ ಎಣ್ಣೆ ಅರ್ಧದಷ್ಟು. 50 ಗ್ರಾಮಿಗೆ 280 ಕ್ಯಾಲೊರಿ ಆಗುತ್ತದೆ, ಅದರ ಮೇಲೆ ಅಕ್ರೋಟ ಬೇರೆ. ಒಳ್ಳೆಯ ತಿನಿಸು ಹೌದು, ಹಗುರ ಅಲ್ಲ. ಸೇಬಿನ ರುಚಿಯೂ ಶೇಂಗಾದ ಮುಂದೆ ಸೋತಿತು.

ನಾಲ್ಕನೆಯದು ಚಕ್ಕಾ. ಶ್ರೀಖಂಡಕ್ಕೆ ಮೊಸರು ಕಟ್ಟುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಾಲು ಕೆಜಿ ಮೊಸರನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ನಲ್ಲಿಗೆ ನೇತು ಹಾಕಿದೆ, ಕೆಳಗೊಂದು ಪಾತ್ರೆ. ಎರಡು ತಾಸಿಗೆ ಗಂಟು ಅರ್ಧಕ್ಕೆ ಇಳಿದಿತ್ತು. ಬಿಚ್ಚಿದಾಗ ಬಟ್ಟೆಯ ಗೆರೆಗಳು ಚಕ್ಕಾದ ಮೇಲೆ ಮೂಡಿದ್ದವು, ಬೆರಳಿಂದ ಒತ್ತಿದರೆ ಬೆಣ್ಣೆಯಂತೆ ಕುಳಿ ಬಿತ್ತು. ಶ್ರೀಖಂಡಕ್ಕೆ ಆದರೆ ಇನ್ನೂ ಹೊತ್ತು ಬಿಡಬೇಕು. ಸಲಾಡ್‌ಗೆ ಎರಡು ತಾಸು ಸಾಕು, ಜಾಸ್ತಿ ಬಿಟ್ಟರೆ ಹೋಳಿಗೆ ಹತ್ತದೆ ಉಂಡೆ ಉಂಡೆಯಾಗುತ್ತದೆ. ಇಳಿದ ನೀರನ್ನು ಚೆಲ್ಲಬೇಡಿ. ನಾನು ಅದರಲ್ಲೇ ಚಪಾತಿ ಹಿಟ್ಟು ಕಲಸಿದೆ, ಮೆತ್ತಗೆ ಬಂದವು.

ಆಕಳ ಹಾಲಿನ ಮೊಸರಾದರೆ 100 ಗ್ರಾಮಿಗೆ 60 ಕ್ಯಾಲೊರಿ ಆಸುಪಾಸು, ಹಾಗಾಗಿ ಇಡೀ ಬಟ್ಟಲಿಗೆ ಹಾಕಿದ ಚಕ್ಕಾ 150 ದಾಟುವುದಿಲ್ಲ. ಎಮ್ಮೆ ಮೊಸರಾದರೆ ಜಾಸ್ತಿ. ನಮ್ಮದು ಧಾರವಾಡ, ಇಲ್ಲಿ ಊರಿನ ಹೆಸರಿನದೇ ಎಮ್ಮೆ ತಳಿ ಇದೆ. ಆ ಗಟ್ಟಿ ಮೊಸರಿನ ಚಕ್ಕಾಕ್ಕೆ ರುಚಿಯಲ್ಲಿ ಸಾಟಿ ಇಲ್ಲ. ಆದರೆ ಅತ್ತೆಯವರ ಪಾಲಿಗೆ ಆಕಳ ಹಾಲಿನದೇ ಮಾಡುತ್ತೇನೆ. ಚಕ್ಕಾಕ್ಕೆ ಅರ್ಧ ಚಮಚ ಸಾಸಿವೆ ಪುಡಿ, ಲಿಂಬೆರಸ, ಕಾಳುಮೆಣಸು, ಒಂದು ಚಮಚ ಜೇನು. ಉಪ್ಪು ಬಡಿಸುವಾಗ ಮಾತ್ರ. ಒಂದು ತಾಸು ಬಿಟ್ಟು ನೋಡಿದರೆ ತಳದಲ್ಲಿ ಒಂದು ಚಮಚ ನೀರು ಇತ್ತು, ಅಷ್ಟೇ. ಸೇಬು ಸೇಬಾಗಿಯೇ ಇತ್ತು. ನನ್ನ ಓಟು ಇದಕ್ಕೇ.

ಮಗಳು ಮಾತ್ರ ರಿಸೆಪ್ಷನ್ ರುಚಿ ಬರಲಿಲ್ಲ ಅಂದಳು. ಅವಳು ಹೇಳಿದ್ದು ನಿಜ, ಚಕ್ಕಾದ ಹುಳಿ ಕೊನೆಯಲ್ಲಿ ನಾಲಿಗೆಗೆ ತಾಕುತ್ತದೆ. ಮರುದಿನ ಮೂರು ಚಮಚ ಚಕ್ಕಾಕ್ಕೆ ಒಂದೇ ಚಮಚ ಮಯೋನೀಸ್ ಬೆರೆಸಿದೆ. ಹುಳಿ ಅಡಗಿತು, ಹೊಳಪೂ ಬಂತು. ಮನೆಗೆ ನೆಂಟರು ಬಂದಾಗ ಈಗ ಹೀಗೇ ಮಾಡುವುದು.

ಸೆಲರಿ ಬಗ್ಗೆ ಒಂದು ಮಾತು. ಸಂತೆಯಲ್ಲಿ ಸುಲಭಕ್ಕೆ ಸಿಗಲ್ಲ, ಸಿಕ್ಕರೂ ಬಾಡಿರುತ್ತದೆ. ಸೌತೆಕಾಯಿ ಹಾಕಿದೆ, ಮತ್ತೆ ನೀರು. ಎಳೆ ನವಿಲುಕೋಸು ಸಣ್ಣಗೆ ಹೆಚ್ಚಿ ಹಾಕಿದಾಗ ಆ ಕರುಮ್ ಕುರುಮ್ ಸರಿಯಾಗಿ ಬಂತು. ಸೆಲರಿಯೂ ಅಜವಾನವೂ ಒಂದೇ ಸಸ್ಯ ಕುಟುಂಬದವು. ಅದಕ್ಕೇ ಒಂದು ಚಿಟಿಕೆ ಅಜವಾನ ಅಂಗೈಯಲ್ಲಿ ತಿಕ್ಕಿ ಉದುರಿಸಿದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಕೆಮ್ಮಿನ ಕಷಾಯದ ನೆನಪಾಗುತ್ತದೆ.

ಸೇಬು ಗಟ್ಟಿಯಾಗಿರಲಿ, ಸ್ವಲ್ಪ ಹುಳಿ ಇರಲಿ. ಸಿಮ್ಲಾ ಕಡೆಯ ಹೊಸ ಹಣ್ಣು ಬರುವ ಆಗಸ್ಟ್, ಸೆಪ್ಟೆಂಬರ್ ಇದಕ್ಕೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಸಿಗುವ ಕೋಲ್ಡ್ ಸ್ಟೋರೇಜ್ ಹಣ್ಣು ಕೆಲವೊಮ್ಮೆ ಹಿಟ್ಟುಹಿಟ್ಟಾಗಿರುತ್ತದೆ. ಹೆಚ್ಚಿದ ಕೂಡಲೇ ಲಿಂಬೆರಸ ಸವರಿದರೆ ಬೇಗ ಕಪ್ಪಾಗುವುದಿಲ್ಲ. ಅತ್ತೆಯವರು ಇದನ್ನು ಕಡಕ್ ರೊಟ್ಟಿಯ ಚೂರಿನ ಮೇಲೆ ಇಟ್ಟುಕೊಂಡು ತಿನ್ನುತ್ತಾರೆ, ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ. ಅಷ್ಟು ಶೇಂಗಾಕ್ಕೆ ನಾನೂ ಅಡ್ಡ ಬರುವುದಿಲ್ಲ.