ನಡೆದು ಹೋಗಿಯೇ ನೋಡಬೇಕಾದ ಠಾಣೆ: ಅರಿಜೋನಾದ ಫೋರ್ಟ್ ಬೂಯಿ

ಅರಿಜೋನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಡಾಸ್ ಕಬೇಸಾಸ್ ಮತ್ತು ಚಿರಿಕಾವಾ ಎಂಬ ಎರಡು ಬೆಟ್ಟಸಾಲುಗಳ ನಡುವೆ, ಅಪಾಚೆ ಪಾಸ್ ಎಂಬ ಕಣಿವೆದಾರಿಯಿದೆ. ಅಮೆರಿಕದ ಸೇನೆ 1862ರಲ್ಲಿ ಅಲ್ಲಿ ಸ್ಥಾಪಿಸಿ 1894ರಲ್ಲಿ ತೆರವು ಮಾಡಿದ ಫೋರ್ಟ್ ಬೂಯಿ ಎಂಬ ಗಡಿ ಠಾಣೆಯ ಅವಶೇಷಗಳು ಈಗ ರಾಷ್ಟ್ರೀಯ ಚಾರಿತ್ರಿಕ ತಾಣವಾಗಿ ಸಂರಕ್ಷಿತವಾಗಿವೆ. ಪ್ರವೇಶ ಶುಲ್ಕವಿಲ್ಲ. ಆದರೆ ಕಾರು ನಿಲ್ಲಿಸುವ ಜಾಗದಿಂದ ಅವಶೇಷಗಳವರೆಗೆ ಒಂದೂವರೆ ಮೈಲಿ, ಅಂದರೆ ಸುಮಾರು ಎರಡೂವರೆ ಕಿಲೋಮೀಟರ್, ಕಾಲುದಾರಿಯಲ್ಲಿ ನಡೆದೇ ಹೋಗಬೇಕು. ಹಿಂದಿರುಗುವಾಗಲೂ ಅಷ್ಟೇ ನಡಿಗೆ. ಫೀನಿಕ್ಸ್ ಮತ್ತು ಚಾಂಡ್ಲರ್ ಸುತ್ತಮುತ್ತ ನೆಲೆಸಿರುವ ನಮ್ಮ ಕನ್ನಡಿಗರು ಊರಿನಿಂದ ಬಂದ ನೆಂಟರನ್ನು ಗ್ರ್ಯಾಂಡ್ ಕ್ಯಾನ್ಯನ್ನಿಗೂ ಸೆಡೋನಾಕ್ಕೂ ಕರೆದೊಯ್ಯುತ್ತಾರೆಯೇ ಹೊರತು ಇತ್ತ ಬರುವುದು ಅಪರೂಪ. ಅದಕ್ಕೆ ದೂರದ ಜೊತೆಗೆ ಈ ನಡಿಗೆಯೂ ಕಾರಣವಿರಬಹುದು. ನನ್ನ ಮಟ್ಟಿಗಾದರೋ ಫೋರ್ಟ್ ಬೂಯಿಯ ಅತ್ಯುತ್ತಮ ಅಂಶವೇ ಆ ನಡಿಗೆ. ಕಾರಿನಲ್ಲಿ ನೇರವಾಗಿ ಗೋಡೆಗಳ ಮುಂದೆ ಇಳಿಯುವಂತಿದ್ದರೆ ಆ ಗೋಡೆಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ಮೊದಲಿಗೆ ನಿರೀಕ್ಷೆಯ ವಿಷಯ. ಚಿತ್ರದುರ್ಗವನ್ನೋ ಬಸವಕಲ್ಯಾಣವನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇಲ್ಲಿ ನಿರಾಸೆ ಖಂಡಿತ. ಇಲ್ಲಿ ಸುತ್ತುಗೋಡೆಯಿಲ್ಲ, ಬುರುಜುಗಳಿಲ್ಲ, ಕಂದಕವಿಲ್ಲ, ಹೆಬ್ಬಾಗಿಲೂ ಇಲ್ಲ. ಕವಾಯತು ಮೈದಾನವೊಂದನ್ನು ಸುತ್ತುವರಿದು ಸಿಪಾಯಿಗಳ ಬಿಡಾರ, ಅಧಿಕಾರಿಗಳ ಮನೆ, ಆಸ್ಪತ್ರೆ, ಕುದುರೆ ಲಾಯ, ಉಗ್ರಾಣ, ಅಂಗಡಿಗಳನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಕಟ್ಟಿಕೊಂಡಿದ್ದ ಒಂದು ದಂಡಿನ ಊರು ಇದಾಗಿತ್ತು. ಶತ್ರು ಬಂದು ಮುತ್ತಿಗೆ ಹಾಕುತ್ತಾನೆ ಎಂಬ ಭಯದಿಂದ ಇದನ್ನು ಕಟ್ಟಲಿಲ್ಲ. ಇಲ್ಲಿಂದ ಹೊರಟು ಬೆಟ್ಟಗಳಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅಪಾಚೆಗಳನ್ನು ಬೆನ್ನಟ್ಟಲು ಮತ್ತು ಕಣಿವೆಯ ದಾರಿಯನ್ನು, ಅದಕ್ಕಿಂತ ಮುಖ್ಯವಾಗಿ ಕಣಿವೆಯೊಳಗಿನ ಒಂದು ನೀರಿನ ಒರತೆಯನ್ನು, ಕೈವಶದಲ್ಲಿಟ್ಟುಕೊಳ್ಳಲು ಕಟ್ಟಿದರು.

ಟೂಸಾನ್ ನಗರದಿಂದ ಪೂರ್ವಕ್ಕೆ ಇಂಟರ್‌ಸ್ಟೇಟ್ 10 ಹೆದ್ದಾರಿಯಲ್ಲಿ ಬಂದು, ವಿಲ್‌ಕಾಕ್ಸ್ ಎಂಬ ಊರಿನಿಂದಾಗಲಿ ಅದರಾಚೆಯ ಬೂಯಿ ಎಂಬ ಸಣ್ಣ ಊರಿನಿಂದಾಗಲಿ ದಕ್ಷಿಣಕ್ಕೆ ತಿರುಗಬೇಕು. ಕೊನೆಯ ಭಾಗ ಮಣ್ಣಿನ ರಸ್ತೆ. ಒಣಗಿರುವಾಗ ಸಾಮಾನ್ಯ ಕಾರು ಸಾಕು. ಬೇಸಿಗೆಯ ಗುಡುಗುಮಳೆ ಸುರಿದಾಗ ಹಳ್ಳಗಳು ಹಠಾತ್ತನೆ ತುಂಬುವುದರಿಂದ ಆಗ ಹೋಗದಿರುವುದು ಲೇಸು. ಪೆಟ್ರೋಲು, ಊಟ, ಕುಡಿಯುವ ನೀರು ಎಲ್ಲವನ್ನೂ ವಿಲ್‌ಕಾಕ್ಸಿನಲ್ಲೇ ಮುಗಿಸಿಕೊಂಡುಬಿಡಬೇಕು.

ಕಾಲುದಾರಿ ಆರಂಭದಲ್ಲಿ ಒಣಹಳ್ಳವೊಂದನ್ನು ದಾಟಿ, ಮೆಸ್ಕಿಟ್ ಜಾಲಿಯ ಪೊದೆಗಳೂ ಕತ್ತಾಳೆಯೂ ಬೆಳೆದ ಇಳಿಜಾರಿನಲ್ಲಿ ಸಾಗುತ್ತದೆ. ಏರು ಕಡಿದಾಗಿಲ್ಲ. ಮೊದಲು ಗಮನ ಸೆಳೆಯುವುದು ಬಟರ್‌ಫೀಲ್ಡ್ ಓವರ್‌ಲ್ಯಾಂಡ್ ಮೇಲ್ ಸಂಸ್ಥೆಯ ಅಂಚೆಗಾಡಿ ನಿಲ್ದಾಣದ ಕಲ್ಲಿನ ಪಾಯ. 1858ರಿಂದ 1861ರವರೆಗೆ ಮಿಸೌರಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಸುಮಾರು 2,800 ಮೈಲಿ ದೂರವನ್ನು ಇಪ್ಪತ್ತೈದು ದಿನಗಳೊಳಗೆ ಕ್ರಮಿಸುತ್ತಿದ್ದ ಕುದುರೆ ಗಾಡಿಗಳು ಇಲ್ಲಿ ಪ್ರಾಣಿಗಳನ್ನು ಬದಲಿಸುತ್ತಿದ್ದವು. ಈಗ ಉಳಿದಿರುವುದು ಹುಲ್ಲಿನ ನಡುವೆ ಕೋಣೆಗಳ ಆಕಾರ ತೋರುವ ಕೆಲವು ಸಾಲು ಕಲ್ಲುಗಳಷ್ಟೇ. ನೋಡಲು ಏನೂ ಇಲ್ಲವೆಂದು ಮುಂದೆ ಸರಿಯಬೇಡಿ. ಈ ಕಣಿವೆಯ ಇಪ್ಪತ್ತೈದು ವರ್ಷಗಳ ರಕ್ತಪಾತ ಇದೇ ನಿಲ್ದಾಣದ ಆಸುಪಾಸಿನಲ್ಲಿ ಮೊದಲಾಯಿತು.

1861ರ ಜನವರಿಯಲ್ಲಿ ದೂರದ ಒಂದು ಜಾನುವಾರು ಹಟ್ಟಿಯಿಂದ ಅಪಾಚೆಗಳು ದನಗಳ ಜೊತೆಗೆ ಒಬ್ಬ ಹುಡುಗನನ್ನೂ ಹಿಡಿದೊಯ್ದರು. ಅವನನ್ನು ಬಿಡಿಸಿ ತರಲು ಬಂದ ಜಾರ್ಜ್ ಬ್ಯಾಸ್ಕಂ ಎಂಬ ಯುವ ಲೆಫ್ಟಿನೆಂಟ್, ಚಿರಿಕಾವಾ ಅಪಾಚೆಗಳ ನಾಯಕ ಕೊಚೀಸನನ್ನು ಮಾತುಕತೆಗೆಂದು ತನ್ನ ಡೇರೆಗೆ ಕರೆಸಿಕೊಂಡು, ಹುಡುಗ ಹಿಂದಿರುಗುವ ತನಕ ನೀನು ನಮ್ಮ ಸೆರೆಯಾಳು ಎಂದುಬಿಟ್ಟನು. ಹುಡುಗನನ್ನು ಒಯ್ದವರು ಬೇರೊಂದು ಅಪಾಚೆ ಗುಂಪಿನವರು. ಕೊಚೀಸನು ಹಾಗೆಯೇ ಹೇಳಿದನು, ಬ್ಯಾಸ್ಕಂ ನಂಬಲಿಲ್ಲ. ಕೊಚೀಸನು ಚೂರಿಯಿಂದ ಡೇರೆಯನ್ನು ಸೀಳಿಕೊಂಡು ಪಾರಾದನು, ಅವನ ಬಂಧುಗಳು ಸಿಕ್ಕಿಬಿದ್ದರು. ಅವನೂ ತನ್ನ ಕಡೆಯಿಂದ ಬಿಳಿಯರನ್ನು ಒತ್ತೆಯಿಟ್ಟುಕೊಂಡನು. ವಿನಿಮಯ ಮುರಿದುಬಿದ್ದಾಗ ಆ ಒತ್ತೆಯಾಳುಗಳು ಕೊಲೆಯಾದರು, ಸೇನೆಯವರು ಕೊಚೀಸನ ಸಹೋದರನೂ ಸೇರಿದಂತೆ ಆರು ಮಂದಿ ಅಪಾಚೆಗಳನ್ನು ನೇಣಿಗೇರಿಸಿದರು. ಆ ಹುಡುಗ ಮಾತ್ರ ಅಪಾಚೆಗಳ ನಡುವೆಯೇ ಬೆಳೆದು, ಮಿಕ್ಕಿ ಫ್ರೀ ಎಂಬ ಹೆಸರಿನಲ್ಲಿ ಮುಂದೆ ಇದೇ ಸೇನೆಗೆ ದಾರಿ ತೋರುವ ಬೇಹಿನವನಾಗಿ ಸೇರಿಕೊಂಡನು. ಈ ಪ್ರಸಂಗವನ್ನು ಮೊದಲೇ ಓದಿಕೊಂಡು ಹೋಗಬೇಕೆಂಬುದು ನನ್ನ ಒತ್ತಾಯದ ಸಲಹೆ. ದಾರಿಬದಿಯ ಫಲಕಗಳು ಚೊಕ್ಕವಾಗಿದ್ದರೂ ಬಿಸಿಲಿನಲ್ಲಿ ನಿಂತು ಓದುವಷ್ಟು ಮಾತ್ರ ಹೇಳುತ್ತವೆ.

ಮುಂದೆ ಸ್ಮಶಾನ ಬರುತ್ತದೆ. ಮರದ ಬೇಲಿಯೊಳಗೆ, ಕೆಂಪು ಮಣ್ಣಿನಲ್ಲಿ, ಬಿಳಿ ಬಣ್ಣ ಬಳಿದ ಮರದ ಹಲಗೆಗಳು ನಿಂತಿವೆ. ಠಾಣೆ ಮುಚ್ಚಿದ ಮರುವರ್ಷ ಸೈನಿಕರ ಅಸ್ಥಿಗಳನ್ನು ಅಗೆದು ಸ್ಯಾನ್ ಫ್ರಾನ್ಸಿಸ್ಕೋದ ಸೇನಾ ಸ್ಮಶಾನಕ್ಕೆ ಸಾಗಿಸಿದ್ದರಿಂದ, ಇಲ್ಲಿ ಉಳಿದವರಲ್ಲಿ ಹೆಚ್ಚಿನವರು ನಾಗರಿಕರು. ಅವರ ನಡುವೆ ಲಿಟಲ್ ರೋಬ್ ಎಂಬ ಹೆಸರಿನ ಒಂದು ಹಲಗೆಯಿದೆ. ಅದು ಸೇನೆಯ ವಿರುದ್ಧ ಹೋರಾಡುತ್ತಿದ್ದ ಅಪಾಚೆ ಮುಂದಾಳು ಜೆರೊನಿಮೊನ ಮಗನದು. ಸೆರೆಸಿಕ್ಕು ಇಲ್ಲಿಗೆ ಬಂದ ಆ ಮಗು 1885ರಲ್ಲಿ, ಸುಮಾರು ಎರಡು ವರ್ಷದ್ದಾಗಿದ್ದಾಗ, ಸತ್ತುಹೋಯಿತು. ತಂದೆಯನ್ನು ಹಿಡಿಯಲು ಹೊರಟಿದ್ದ ದಂಡೇ ಮಗುವನ್ನು ತನ್ನವರ ಪಕ್ಕದಲ್ಲಿ ಹೂಳಿತು. ಹಲಗೆಯ ಬುಡದಲ್ಲಿ ಯಾರೋ ಇಟ್ಟುಹೋದ ಮಣಿಗಳೂ ನಾಣ್ಯಗಳೂ ಒಂದು ಸಣ್ಣ ಆಟಿಕೆಯೂ ನಾನು ಹೋದಾಗ ಕಂಡವು.

ಸ್ಮಶಾನ ದಾಟಿದ ಮೇಲೆ ಚಿರಿಕಾವಾ ಮೀಸಲು ಪ್ರದೇಶದ ಕಚೇರಿಯ ಅವಶೇಷವೂ, ಅಪಾಚೆಗಳ ವಾಸದ ಗುಡಿಸಲಿನ ಒಂದು ಮಾದರಿಯೂ ಸಿಗುತ್ತವೆ. 1872ರಲ್ಲಿ ಜನರಲ್ ಹೊವಾರ್ಡ್ ಕೊಚೀಸನೊಡನೆ ಸಂಧಾನ ಮಾಡಿಕೊಂಡು ಈ ಬೆಟ್ಟಗಳನ್ನೇ ಅವನ ಜನರಿಗೆ ಬಿಟ್ಟುಕೊಟ್ಟಿದ್ದನು. ಕೊಚೀಸನು 1874ರಲ್ಲಿ ತೀರಿಕೊಂಡನು. ಅದಾಗಿ ಎರಡೇ ವರ್ಷಕ್ಕೆ ಸರ್ಕಾರ ಆ ಏರ್ಪಾಡನ್ನು ರದ್ದುಮಾಡಿ ಜನರನ್ನು ಸ್ಯಾನ್ ಕಾರ್ಲೋಸ್ ಎಂಬ ಬೇರೊಂದು ಮೀಸಲು ಪ್ರದೇಶಕ್ಕೆ ಸಾಗಿಸಲು ಹೊರಟಿತು.

ಅಲ್ಲಿಂದ ದಾರಿ ತಗ್ಗಿಗಿಳಿದು ಅಪಾಚೆ ಸ್ಪ್ರಿಂಗ್ ಎಂಬ ಒರತೆಗೆ ಬರುತ್ತದೆ. ಇಷ್ಟು ಹೊತ್ತು ಒಣಗಿದ ಗಾಳಿಯಲ್ಲಿ ನಡೆದುಬಂದವರಿಗೆ ಇಲ್ಲಿ ಒಮ್ಮೆಗೇ ನೆರಳು, ತಂಪು, ಹಕ್ಕಿಗಳ ಸದ್ದು. ನೀರು ಹರಿಯುತ್ತಿದೆ ಎನ್ನುವುದಕ್ಕಿಂತ ಜಿನುಗುತ್ತಿದೆ ಎನ್ನಬೇಕು: ಕಲ್ಲುಗಳ ಸಂದಿನಿಂದ ಹೊರಟ ಬೆರಳು ಗಾತ್ರದ ಧಾರೆ, ಅದರ ಅಂಚಿಗೆ ಹಸಿರು ಪಾಚಿ, ಮಣ್ಣಿನಲ್ಲಿ ಜಿಂಕೆಯ ಗೊರಸಿನ ಗುರುತು. ಆ ಧಾರೆಯ ಮುಂದೆ ನಿಂತಾಗಲೇ ಇಡೀ ತಾಣದ ತರ್ಕ ತಿಳಿಯುವುದು. 1862ರ ಜುಲೈ 15ರಂದು, ಅಂತರ್ಯುದ್ಧದ ಕಾಲದಲ್ಲಿ, ಕ್ಯಾಲಿಫೋರ್ನಿಯಾದಿಂದ ನ್ಯೂ ಮೆಕ್ಸಿಕೋ ಕಡೆಗೆ ಸಾಗುತ್ತಿದ್ದ ಸ್ವಯಂಸೇವಕ ಪಡೆಯ ಮುಂಚೂಣಿ ತುಕಡಿ, ಕ್ಯಾಪ್ಟನ್ ಥಾಮಸ್ ರಾಬರ್ಟ್ಸನ ಮುಂದಾಳತ್ವದಲ್ಲಿ, ಸುಮಾರು ನಲವತ್ತು ಮೈಲಿ ನೀರಿಲ್ಲದ ದಾರಿಯನ್ನು ನಡೆದು ಈ ಕಣಿವೆಗೆ ಬಂದಿತು. ಒರತೆಯ ಮೇಲಿನ ದಿಬ್ಬಗಳಲ್ಲಿ ಕಲ್ಲಿನ ಮರೆ ಕಟ್ಟಿಕೊಂಡು ಕೊಚೀಸನೂ ಅವನ ಮಾವ ಮಾಂಗಸ್ ಕೊಲೊರಾಡಾಸನೂ ಕಾಯುತ್ತಿದ್ದರು. ಬಾಯಾರಿ ಬಂದವರಿಗೆ ಹಿಂದಿರುಗುವ ಶಕ್ತಿಯಿರಲಿಲ್ಲ, ನೀರು ಬಿಟ್ಟು ಮುಂದೆ ಹೋಗುವಂತೆಯೂ ಇರಲಿಲ್ಲ. ಜೊತೆಯಲ್ಲಿ ತಂದಿದ್ದ ಎರಡು ಸಣ್ಣ ಫಿರಂಗಿಗಳಿಂದ ದಿಬ್ಬಗಳ ಮೇಲೆ ಗುಂಡು ಹಾರಿಸಿ ಅಪಾಚೆಗಳನ್ನು ಚದುರಿಸಿದ ಮೇಲೆಯೇ ಅವರಿಗೆ ನೀರು ದಕ್ಕಿತು. ಮರುದಿನವೂ ಹೋರಾಟ ಮುಂದುವರಿಯಿತು. ಹಿಂದಿನಿಂದ ಬರುವ ಪ್ರತಿ ತುಕಡಿಗೂ ಇದೇ ಗತಿಯಾಗುವುದೆಂದು ಮನಗಂಡ ಜನರಲ್ ಕಾರ್ಲ್‌ಟನ್ ಇಲ್ಲೊಂದು ಠಾಣೆ ಸ್ಥಾಪಿಸಲು ಆಜ್ಞಾಪಿಸಿದನು. ಅದೇ ತಿಂಗಳ 28ರಂದು ಕೆಲಸ ಆರಂಭವಾಯಿತು. ಒರತೆಯನ್ನು ನೋಡದೆ ಠಾಣೆಯನ್ನಷ್ಟೇ ನೋಡಿದವರಿಗೆ, ಇಂಥ ಮೂಲೆಯಲ್ಲಿ ಇಷ್ಟು ಕಟ್ಟಡಗಳೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗಲಾರದು.

ಒರತೆಯಿಂದ ಏರಿದರೆ ಮೊದಲ ಠಾಣೆ ಸಿಗುತ್ತದೆ. ಸಿಪಾಯಿಗಳು ಅವಸರದಲ್ಲಿ ಕಟ್ಟಿಕೊಂಡ, ಡೇರೆಗಳಿಗಿಂತ ತುಸು ಮೇಲಾದ ಗುಡಿಸಲುಗಳ ಜಾಗ ಅದು. ಇಂದು ಬಹುತೇಕ ನೆಲಸಮವಾಗಿದೆ. 1868ರಲ್ಲಿ ಪಕ್ಕದ ಎತ್ತರದ ಬಯಲಿಗೆ ಸ್ಥಳಾಂತರಗೊಂಡ ಎರಡನೆಯ ಠಾಣೆಯೇ ನಾವು ನೋಡಲು ಬರುವ ಅವಶೇಷ. ಇಲ್ಲಿನ ಗೋಡೆಗಳು ಅಡೋಬಿಯವು, ಅಂದರೆ ಮಣ್ಣನ್ನು ಅಚ್ಚಿಗೆ ಹಾಕಿ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯವು. 1894ರ ಅಕ್ಟೋಬರ್ 17ರಂದು ಕೊನೆಯ ಸೈನಿಕರು ಹೊರಟುಹೋದ ಮೇಲೆ ಸುತ್ತಲಿನ ಜನ ತೊಲೆ, ಹಲಗೆ, ಬಾಗಿಲು, ಕಿಟಕಿಗಳನ್ನು ಕಿತ್ತು ತಮ್ಮ ಮನೆಗಳಿಗೆ ಒಯ್ದರು. ಮೇಲ್ಛಾವಣಿ ಹೋದ ಮಣ್ಣಿನ ಗೋಡೆ ಎಷ್ಟು ಮಳೆಗಾಲ ತಡೆದೀತೆಂಬುದು ನಮ್ಮ ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಕೆಲವು ಗೋಡೆಗಳು ಆಳೆತ್ತರ ಉಳಿದಿವೆ, ಹಲವು ಮೊಣಕಾಲೆತ್ತರಕ್ಕೆ ಇಳಿದಿವೆ, ಮತ್ತೆ ಕೆಲವೆಡೆ ಪಾಯದ ಕಲ್ಲುಗಳು ಮಾತ್ರ.

ಸಂರಕ್ಷಣೆಯ ವಿಧಾನದ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ಉಳಿದ ಗೋಡೆಗಳಿಗೆ ಸುಣ್ಣದ ಗಾರೆಯ ಹೊದಿಕೆ ಕೊಟ್ಟು ಮಳೆಯಿಂದ ಕಾಪಾಡಿದ್ದಾರೆ. ಇದು ಅನಿವಾರ್ಯ, ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳಿಗೆ ಮಣ್ಣಿನ ಗುಡ್ಡೆಗಳಷ್ಟೇ ಸಿಕ್ಕಾವು. ಆದರೆ ಹೊದಿಕೆಯಿಂದಾಗಿ ಲಾಯದ ಗೋಡೆಯೂ ಆಸ್ಪತ್ರೆಯ ಗೋಡೆಯೂ ಒಂದೇ ಬಣ್ಣದ, ಒಂದೇ ದುಂಡುತನದ ದಿಂಡುಗಳಾಗಿ ಕಾಣುತ್ತವೆ; ಕೈಯಿಂದ ಇಟ್ಟ ಇಟ್ಟಿಗೆಯ ವರಸೆ ಕಣ್ಣಿಗೆ ಬೀಳುವುದು ಅಪರೂಪ. ಯಾವುದು ಯಾವ ಕಟ್ಟಡವೆಂದು ತಿಳಿಯಲು ನಕ್ಷೆ ಕೈಯಲ್ಲಿರಲೇಬೇಕು. ಸಂದರ್ಶಕರ ಕೇಂದ್ರದಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ಮೊದಲು ನೋಡಿಕೊಂಡು ಆಮೇಲೆ ಮೈದಾನಕ್ಕಿಳಿಯುವುದು ಜಾಣತನ. ಠಾಣೆಯ ಮುಖ್ಯಾಧಿಕಾರಿಗೆಂದು 1880ರ ದಶಕದಲ್ಲಿ ಕಟ್ಟಿದ್ದ ವಿಕ್ಟೋರಿಯನ್ ಶೈಲಿಯ ಎರಡಂತಸ್ತಿನ ಬಂಗಲೆಯನ್ನು ಚಿತ್ರದಲ್ಲಿ ಕಂಡು, ಬಳಿಕ ಅದೇ ಜಾಗದ ಹುಲ್ಲನ್ನು ನೋಡಿದರೆ, ಈ ಮರುಭೂಮಿಯ ನಡುವೆ ಅಧಿಕಾರಿಗಳು ತಮ್ಮ ಊರಿನ ಠೀವಿಯನ್ನು ಎಷ್ಟು ಹಟದಿಂದ ಕಟ್ಟಿಕೊಂಡಿದ್ದರೆಂಬುದು ಗೊತ್ತಾಗುತ್ತದೆ.

ಮೈದಾನದ ನಡುವೆ ಧ್ವಜಸ್ತಂಭವಿದೆ. 1886ರ ಸೆಪ್ಟೆಂಬರ್ 4ರಂದು ಸ್ಕೆಲೆಟನ್ ಕ್ಯಾನ್ಯನ್ನಿನಲ್ಲಿ ಜನರಲ್ ಮೈಲ್ಸನಿಗೆ ಶರಣಾದ ಜೆರೊನಿಮೊನನ್ನು ಇಲ್ಲಿಗೆ ತಂದು, ಅದೇ ತಿಂಗಳ 8ರಂದು ಇದೇ ಮೈದಾನದಿಂದ ರೈಲು ನಿಲ್ದಾಣಕ್ಕೆ ಸಾಗಿಸಿ, ಫ್ಲಾರಿಡಾಕ್ಕೆ ಕಳುಹಿಸಿದರು. ಅವನನ್ನು ಹುಡುಕಲು ಸೇನೆಗೆ ನೆರವಾಗಿದ್ದ ಚಿರಿಕಾವಾ ಬೇಹಿನವರನ್ನೂ ಬಿಡದೆ ಅವನ ಹಿಂದೆಯೇ ಸೆರೆಗೆ ಕಳುಹಿಸಲಾಯಿತು. ಆ ಜನ ಇಪ್ಪತ್ತೇಳು ವರ್ಷ ಯುದ್ಧಕೈದಿಗಳಾಗಿಯೇ ಉಳಿದರು. ಜೆರೊನಿಮೊ 1909ರಲ್ಲಿ ಒಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿ ಕೈದಿಯಾಗಿದ್ದಾಗಲೇ ಸತ್ತನು. ಸೇನೆಯ ತಾಣವನ್ನು ತೋರಿಸುವಾಗ ಸೋತವರ ಕಥೆಯನ್ನು ಅಡಿಟಿಪ್ಪಣಿಗೆ ತಳ್ಳುವ ಚಾಳಿ ಎಲ್ಲ ದೇಶಗಳಲ್ಲೂ ಇದೆ. ಇಲ್ಲಿ ಹಾಗಾಗಿಲ್ಲ, ದಾರಿಯುದ್ದಕ್ಕೂ ಅಪಾಚೆಗಳ ಗುಡಿಸಲು, ಒರತೆ, ಸಮಾಧಿಗಳು ಬಂದ ಮೇಲೆಯೇ ಸೇನೆಯ ಕಟ್ಟಡಗಳು ಬರುವುದರಿಂದ, ಈ ನೆಲ ಮೊದಲು ಯಾರದಾಗಿತ್ತೆಂಬುದನ್ನು ಯಾವ ಫಲಕವೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಸಂದರ್ಶಕರ ಕೇಂದ್ರ ಚಿಕ್ಕದು. ಜಗುಲಿಯಲ್ಲಿ ಕುಳಿತರೆ ಇಡೀ ಅವಶೇಷ ಕಾಣುತ್ತದೆ. ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಿಕೆ ಕೊಡುತ್ತಾರೆ. ಅದರ ಪ್ರಶ್ನೆಗಳಿಗೆ ಉತ್ತರ ಹುಡುಕುವ ಹುರುಪಿನಲ್ಲಿ ಮಕ್ಕಳು ದೊಡ್ಡವರಿಗಿಂತ ಹೆಚ್ಚು ನೋಡುತ್ತಾರೆ. ಕೇಂದ್ರ ದಿನವೂ ತೆರೆದಿರುತ್ತದೆ ಎಂದು ಭಾವಿಸದೆ ಹೊರಡುವ ಮುನ್ನ ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಯಾರು ಹೋಗಬಹುದು, ಯಾವಾಗ ಹೋಗಬಹುದು? ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹವೆ ಹಿತವಾಗಿರುತ್ತದೆ. ತಾಣ ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಫೀನಿಕ್ಸಿನ ಉರಿ ಇಲ್ಲಿಲ್ಲವಾದರೂ ಬೇಸಿಗೆಯ ನಡುಹಗಲು ನೆರಳಿಲ್ಲದ ದಾರಿಯಲ್ಲಿ ನಡೆಯುವುದು ಅವಿವೇಕ. ಬುಡಬುಡಿಕೆ ಹಾವುಗಳಿವೆ, ದಾರಿ ಬಿಟ್ಟು ಪೊದೆಗಳೊಳಗೆ ಕಾಲಿಡಬಾರದು. ಊರಿನಿಂದ ಬಂದ ವಯಸ್ಸಾದ ತಂದೆತಾಯಿಯರಿಗೆ, ಮಂಡಿನೋವಿರುವವರಿಗೆ ಮೂರು ಮೈಲಿ ಕಷ್ಟವೇ. ನಡೆಯಲಾಗದವರಿಗೆಂದು ಬೇರೊಂದು ವಾಹನದಾರಿಯಿದೆ, ಮುಂಚಿತವಾಗಿ ದೂರವಾಣಿ ಮಾಡಿ ಕೇಳಿಕೊಂಡರೆ ವ್ಯವಸ್ಥೆ ತಿಳಿಸುತ್ತಾರೆ. ಹಾಗೆ ಬಂದವರನ್ನೂ ಕೈಹಿಡಿದು ಒರತೆಯ ತನಕವಾದರೂ ಕರೆದೊಯ್ಯಿರಿ.

ಹಿಂದಿರುಗುವಾಗ ಬಂದ ದಾರಿಯನ್ನೇ ಹಿಡಿಯಬೇಕಾಗಿಲ್ಲ. ಕೇಂದ್ರದ ಹಿಂಬದಿಯಿಂದ ಓವರ್‌ಲುಕ್ ರಿಡ್ಜ್ ಎಂಬ ದಿಬ್ಬದಾರಿ ಏರಿ ಮತ್ತೆ ಕೆಳದಾರಿಯನ್ನು ಸೇರುತ್ತದೆ. ಏರು ತುಸು ಹೆಚ್ಚು, ಆದರೆ ಎರಡೂ ಠಾಣೆಗಳ ವಿನ್ಯಾಸ, ಕಣಿವೆಯ ಇಕ್ಕಟ್ಟು ಒಟ್ಟಾಗಿ ಕಾಣುವುದು ಅಲ್ಲಿಂದ ಮಾತ್ರ. ಅಷ್ಟು ದೂರ ಬಂದ ಮೇಲೆ ಚಿರಿಕಾವಾ ರಾಷ್ಟ್ರೀಯ ಸ್ಮಾರಕದ ಕಲ್ಲುಕಂಬಗಳ ಕಾಡನ್ನೂ ಅದೇ ದಿನ ಸೇರಿಸಿಕೊಳ್ಳಬಹುದು. ಅಲ್ಲಿ ಕಾರಿನಲ್ಲೇ ಮೇಲಿನವರೆಗೆ ಹೋಗುವ ರಸ್ತೆಯಿರುವುದರಿಂದ ಅದನ್ನು ಮಧ್ಯಾಹ್ನಕ್ಕಿಟ್ಟುಕೊಂಡು, ಫೋರ್ಟ್ ಬೂಯಿಯನ್ನು ಬೆಳಗಿನ ಹೊತ್ತಿನಲ್ಲೇ ಮುಗಿಸುವಂತೆ ಹೊರಡಿರಿ.